ಉಜ್ಜಿದಷ್ಟೂ ಮೂಡುವ ಚಿತ್ರ: ಫಿ ಫಿ ವಾನ್ ಮತ್ತು ವಿಯೆಟ್ನಾಂನ ಲ್ಯಾಕರ್ ಕಲೆ

ಕಲಾವಿದೆ ಫಿ ಫಿ ವಾನ್ ಹುಟ್ಟಿದ್ದು 1979ರಲ್ಲಿ, ಅಮೆರಿಕದ ಹ್ಯೂಸ್ಟನ್‌ನಲ್ಲಿ. ಆಮೇಲೆ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಮೇಲೆ ವಿಯೆಟ್ನಾಂಗೆ ಹೋಗಿ ಲ್ಯಾಕರ್ (ಮರದ ಹಾಲಿನಿಂದ ಮಾಡುವ ಹೊಳೆಯುವ ಲೇಪ) ಚಿತ್ರಕಲೆ ಕಲಿತರು. ಅವರ ಲ್ಯಾಕರ್ ಕೃತಿ ‘ಸ್ಪೆಕ್ಯುಲಾ’ ಗೋಡೆಗೆ ತೂಗುಹಾಕುವ ಚಿತ್ರವಲ್ಲ. ಅದೊಂದು ಸುರಂಗ, ನೋಡುವವರು ಒಳಗೇ ನಡೆದು ಹೋಗಬೇಕು. 2013ರ ಸಿಂಗಪುರ ಬಿಯೆನ್ನಾಲೆ ಎಂಬ ಕಲಾಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದರು. ಸಂಪ್ರದಾಯ ಮುರಿದ ಕಲಾವಿದೆ ಅಂತ ಇವರನ್ನು ಕರೆದುಬಿಡೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಮುರಿಯೋಕೆ ಆ ಸಂಪ್ರದಾಯವೇ ಅಷ್ಟು ಹಳೆಯದಲ್ಲ.

ದೇವಸ್ಥಾನದ ಕಂಬ, ಪೂಜೆ ಸಾಮಾನು, ಪೆಟ್ಟಿಗೆಗಳಿಗೆ ಲ್ಯಾಕರ್ ಬಳಿಯೋದು ವಿಯೆಟ್ನಾಂನಲ್ಲಿ ಶತಮಾನಗಳ ಕಸುಬು, ನಿಜ. ಆದರೆ ಅದರಲ್ಲೇ ಚಿತ್ರ ಬರೆಯಬಹುದು ಅನ್ನೋ ಯೋಚನೆ ಬೆಳೆದಿದ್ದು ಹನೋಯ್‌ನ ಇಂಡೋಚೈನಾ ಕಲಾಶಾಲೆಯಲ್ಲಿ. 1925ರಲ್ಲಿ ಶುರುವಾದ ಈ ಶಾಲೆಯ ಹಿಂದೆ ಇದ್ದವರು ಫ್ರೆಂಚ್ ಚಿತ್ರಕಾರ ವಿಕ್ಟರ್ ಟಾರ್ಡ್ಯೂ ಮತ್ತು ವಿಯೆಟ್ನಾಂನ ನಾಮ್ ಸನ್. 1930ರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕುಶಲಕರ್ಮಿಗಳ ಜೊತೆ ಕೂತು, ಬಳಿದ ಲ್ಯಾಕರನ್ನು ಉಜ್ಜಿ ಚಿತ್ರ ತೆಗೆಯೋದನ್ನು ಕಂಡುಕೊಂಡರು. ಅದೇ ‘ಸನ್ ಮಾಯ್’.

ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುವ ಅರಗು ಹುಳದಿಂದ ಬರುತ್ತೆ. ವಿಯೆಟ್ನಾಂನ ಲ್ಯಾಕರ್ ಹಾಗಲ್ಲ, ಮರದ ಹಾಲು. ಫು ಥೊ ಪ್ರಾಂತ್ಯದಲ್ಲಿ ಈ ಮರಗಳನ್ನು ಬೆಳೆಸುತ್ತಾರೆ. ಹಸಿ ಹಾಲು ಮೈಗೆ ತಾಕಿದರೆ ತುರಿಕೆ, ಬೊಕ್ಕೆ. ಕಬ್ಬಿಣದ ಪಾತ್ರೆಯಲ್ಲಿ ತಿರುವಿದರೆ ಅದು ಕಡು ಕಪ್ಪಾಗುತ್ತೆ. ಗಟ್ಟಿಯಾಗೋಕೆ ಬಿಸಿಲು ಬೇಡ, ತೇವದ ಗಾಳಿ ಬೇಕು. ಬಟ್ಟೆ ಅಂಟಿಸಿ ಹದ ಮಾಡಿದ ಹಲಗೆ ಮೇಲೆ ಮೊಟ್ಟೆಯ ಸಿಪ್ಪೆ, ಬೆಳ್ಳಿ ರೇಕು, ಚಿನ್ನದ ರೇಕು ಕೂರಿಸಿ, ಮೇಲೆ ಪದರ ಪದರವಾಗಿ ಲ್ಯಾಕರ್ ಬಳಿಯುತ್ತಾರೆ. ಅಷ್ಟು ಹೊತ್ತಿಗೆ ಎಲ್ಲವೂ ಮುಚ್ಚಿಹೋಗಿರುತ್ತೆ. ನಂತರ ನೀರು ಹಾಕಿ ಉಜ್ಜುತ್ತಾ ಬಂದರೆ ಹೂತಿದ್ದ ಬಣ್ಣ ಒಂದೊಂದಾಗಿ ಮೇಲೆ ಬರುತ್ತೆ. ಸ್ವಲ್ಪ ಜಾಸ್ತಿ ಉಜ್ಜಿದರೆ ಬೇಕಿದ್ದ ಪದರವೇ ಹೋಯ್ತು.

ಇದರಲ್ಲಿ ಎಲ್ಲರಿಗಿಂತ ಮುಂದೆ ಹೋದವರು ನುಯೆನ್ ಗಿಯಾ ಟ್ರಿ. 1969ರಲ್ಲಿ ಕೈಗೆತ್ತಿಕೊಂಡ ವಸಂತದ ತೋಟದ ಚಿತ್ರವನ್ನು ಅವರು ಮುಗಿಸಿದ್ದು 1989ರಲ್ಲಿ. ಒಂಬತ್ತು ಫಲಕಗಳ ಈ ಚಿತ್ರ 2013ರಲ್ಲಿ ರಾಷ್ಟ್ರೀಯ ನಿಧಿಯಾಯಿತು. ಹೋ ಚಿ ಮಿನ್ ನಗರದ ಮ್ಯೂಸಿಯಂನಲ್ಲಿದ್ದ ಅದನ್ನು ಸ್ವಚ್ಛ ಮಾಡಲು ಹೋಗಿ ಪಾತ್ರೆ ತೊಳೆಯುವ ದ್ರಾವಣ, ಉಜ್ಜುಕಾಗದ ಬಳಸಿದರು ಎಂಬ ಸುದ್ದಿ 2019ರಲ್ಲಿ ಹೊರಬಿತ್ತು. ಓದಿದಾಗ ಹೊಟ್ಟೆ ಉರಿಯಿತು. ಉಜ್ಜೋದು ಎಲ್ಲಿ ನಿಲ್ಲಬೇಕು ಅಂತ ಕಲಾವಿದ ಇಪ್ಪತ್ತು ವರ್ಷ ಯೋಚಿಸಿ ತೀರ್ಮಾನಿಸಿದ್ದು ಆ ಮೇಲ್ಮೈಯಲ್ಲೇ ಇತ್ತು ಅಲ್ವಾ?

ಫಿ ಫಿ ವಾನ್ ನಿಂತಿರೋದು ಇದೇ ಸಾಲಿನಲ್ಲಿ. 2017ರಲ್ಲಿ ಸಿಂಗಪುರದ ನ್ಯಾಷನಲ್ ಗ್ಯಾಲರಿ ಟ್ರಿ ಅವರ ಇನ್ನೊಂದು ಚಿತ್ರದ ಜೊತೆಗೇ ಇವರ ‘ಪ್ರೋ ಸೆ’ಯನ್ನೂ ಇಟ್ಟಿತು. ಅದರಲ್ಲಿ ಟ್ಯಾಬ್ಲೆಟ್ ಪರದೆಯಂಥ ಫಲಕಗಳಿವೆ. ದಿನಕ್ಕೆ ನೂರಾರು ಚಿತ್ರಗಳನ್ನು ಬೆರಳಲ್ಲಿ ಸರಿಸಿಬಿಡುವ ನಮ್ಮ ಅಭ್ಯಾಸವನ್ನು ಅವರು ಈ ನಿಧಾನದ ಮಾಧ್ಯಮಕ್ಕೆ ತಂದಿದ್ದಾರೆ. ಮೂವತ್ತರ ದಶಕದ ಹುಡುಗರು ಲ್ಯಾಕರನ್ನು ಕಂಬದಿಂದ ಚಿತ್ರಕ್ಕೆ ತಂದರು. ಇವರು ಚಿತ್ರದ ಚೌಕಟ್ಟಿನಿಂದಲೂ ಅದನ್ನು ಹೊರಗೆ ತಂದಿದ್ದಾರೆ.