ಒಂದು ಖಾಫ್, ಹಲವು ಉಚ್ಚಾರ

ಕೆಲಸಕ್ಕೆಂದು ಗಲ್ಫ್ ದೇಶಗಳಿಗೆ ಹೊರಡುವ ಕರಾವಳಿಯ ಯುವಕರಿಗೆ ಆಡುಮಾತಿನ ಅರಬ್ಬಿ ಕಲಿಸುವಾಗ ನಾನು ವ್ಯಾಕರಣಕ್ಕೂ ಮೊದಲು ಎತ್ತಿಕೊಳ್ಳುವುದು 'ಖಾಫ್' ಎಂಬ ಒಂದು ಅಕ್ಷರವನ್ನು. ಗ್ರಾಂಥಿಕ ಅರಬ್ಬಿಯಲ್ಲಿ ಇದು ನಾಲಿಗೆಯ ಬುಡವನ್ನು ಕಿರುನಾಲಿಗೆಗೆ ತಾಗಿಸಿ ಹೊರಡಿಸುವ ಗಡಸು ಕಕಾರ. ಪುಸ್ತಕದಲ್ಲಿ 'ಖಹ್ವ' ಎಂದಿರುವ ಕಾಫಿ ದುಬೈಯಲ್ಲಿ 'ಗಹ್ವ' ಆಗುತ್ತದೆ. ಕೈರೋದಲ್ಲಿ ಖಾಫ್ ಇರಬೇಕಾದ ಜಾಗದಲ್ಲಿ ಗಂಟಲು ಕ್ಷಣಕಾಲ ಬಿಗಿದು ಬಿಡುವುದರಿಂದ 'ಅಹ್ವ' ಎಂದಷ್ಟೇ ಕೇಳಿಸುತ್ತದೆ. ಆದರೂ ಅದೇ ಕೈರೋದವರು ಕುರ್‌ಆನ್ ಎನ್ನುವಾಗ, ತಮ್ಮ ಊರನ್ನು 'ಅಲ್ ಖಾಹಿರ' ಎನ್ನುವಾಗ ಖಾಫನ್ನು ಉಳಿಸಿಕೊಳ್ಳುತ್ತಾರೆ.

ಗಕಾರವನ್ನು ಅಪಭ್ರಂಶವೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. 8ನೆಯ ಶತಮಾನದ ವ್ಯಾಕರಣಕಾರ ಸೀಬವೈಹಿ, ಖಾಫನ್ನು ಬಹುಪಾಲು ಘೋಷ ಧ್ವನಿಗಳೇ (ಗ, ದ, ಬಗಳಂತೆ ಗಂಟಲಿನ ನಾದತಂತುಗಳು ಕಂಪಿಸುವ ಧ್ವನಿಗಳು) ಇರುವ ವರ್ಗಕ್ಕೆ ಸೇರಿಸಿದ್ದಾನೆ. ಹಾಗಾಗಿ ಆ ಕಾಲದ ಖಾಫ್ ಗಕಾರಕ್ಕೆ ಹತ್ತಿರವಾಗಿದ್ದಿರಬಹುದೆಂದು ಹಲವು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಮರುಭೂಮಿಯ ಅಲೆಮಾರಿ ಅರಬರಾದ ಬೆದೂಯಿನರ ಮೂಲದ ನುಡಿಗಳಲ್ಲಿ, ಸುಡಾನ್ ಮತ್ತು ದಕ್ಷಿಣ ಈಜಿಪ್ಟಿನಲ್ಲಿ ಇಂದಿಗೂ ಗಕಾರವೇ ಬಳಕೆಯಲ್ಲಿದೆ.

ಮಧ್ಯ ಪ್ಯಾಲೆಸ್ತೀನಿನ ಹಳ್ಳಿಗಳ ಮಾತು ಇನ್ನೂ ಸ್ವಾರಸ್ಯಕರ. ಅಲ್ಲಿ ಖಾಫ್ ಸಾಧಾರಣ ಕಕಾರವಾಗಿರುವುದರಿಂದ ಹೃದಯಕ್ಕಿರುವ 'ಖಲ್ಬ್' ಪದ 'ಕಲ್ಬ್' ಆಗುತ್ತದೆ. ಗ್ರಾಂಥಿಕ ಅರಬ್ಬಿಯಲ್ಲಿ 'ಕಲ್ಬ್' ಎಂದರೆ ನಾಯಿ! ಆದರೆ ಗೊಂದಲವಾಗುವುದಿಲ್ಲ, ಏಕೆಂದರೆ ಆ ಹಳ್ಳಿಗಳಲ್ಲಿ ಮೂಲ ಕಕಾರವೂ ಜಾಗ ಬಿಟ್ಟು ಚಕಾರವಾಗಿದ್ದು, ನಾಯಿ 'ಚಲ್ಬ್' ಆಗಿದೆ. ಒಂದು ಧ್ವನಿ ಸರಿದರೆ ಪಕ್ಕದ್ದೂ ಸರಿಯುತ್ತದೆ. ಕಲಿಯುವವರು ಒಂದೊಂದೇ ಪದವನ್ನು ಬಾಯಿಪಾಠ ಮಾಡುವ ಬದಲು ಈ ಸರಪಳಿಯನ್ನು ಗುರುತಿಸಿದರೆ ಶ್ರಮ ಅರ್ಧ ಉಳಿಯುತ್ತದೆ.

ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಕೈರೋದವರು 'ಜೀಮ್' ಅಕ್ಷರವನ್ನು ಗಕಾರವಾಗಿ ನುಡಿಯುವುದರಿಂದ ಅವರ 'ಗಮಲ್' ಒಂಟೆ, ಅಂದರೆ 'ಜಮಲ್'. ಗಲ್ಫ್‌ನವರ 'ಗಲ್ಬ್' ಹೃದಯ. ದುಬೈಯ ಒಂದೇ ಕಚೇರಿಯಲ್ಲಿ ಇಬ್ಬರೂ ಸಿಗುವುದರಿಂದ, ಗಕಾರ ಕಿವಿಗೆ ಬಿದ್ದಾಗ ಮಾತನಾಡುತ್ತಿರುವವರು ಯಾವ ಕಡೆಯವರೆಂಬುದನ್ನು ಮೊದಲು ಗಮನಿಸಬೇಕು.

ಊರೊಂದೇ ಇದನ್ನು ನಿರ್ಧರಿಸುತ್ತದೆಂದೂ ಹೇಳಲಾಗದು. ಬಾಗ್ದಾದಿನ ಯಹೂದಿ ಮತ್ತು ಕ್ರೈಸ್ತರು 'ನಾನು ಹೇಳಿದೆ' ಎನ್ನಲು ಖಾಫ್ ಉಳಿಸಿಕೊಂಡು 'ಖೆಲ್ತು' ಎಂದರೆ, ಅಲ್ಲಿನ ಮುಸ್ಲಿಮರು 'ಗಿಲಿತ್' ಎನ್ನುತ್ತಿದ್ದರೆಂಬುದನ್ನು ಭಾಷಾವಿಜ್ಞಾನಿ ಹೈಮ್ ಬ್ಲಾಂಕ್ 1964ರಲ್ಲಿ ವಿವರವಾಗಿ ದಾಖಲಿಸಿದರು. ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಪ್ಯಾಲೆಸ್ತೀನ್ ಮೂಲದ ಎಷ್ಟೋ ಹುಡುಗರು ಮನೆಯಲ್ಲಿ ಖಾಫನ್ನು ಕೈರೋದವರಂತೆ ಗಂಟಲಲ್ಲೇ ತಡೆದರೂ ಗೆಳೆಯರ ನಡುವೆ ಗಕಾರಕ್ಕೆ ಹೊರಳುತ್ತಾರೆ. ಅವರ ಅಕ್ಕತಂಗಿಯರು ಹೆಚ್ಚಾಗಿ ಹಾಗೆ ಹೊರಳುವುದಿಲ್ಲ.