ಬಿಸಿಗಾಳಿ ಹೊರಗೆ ಹೋಗೋಕೆ ದಾರಿ ಎಲ್ಲಿ?

ಹಸಿರುಮನೆ ಕಟ್ಟಿಸಬೇಕು ಅಂತ ಬರುವವರು ಮೊದಲು ಫೋನ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಬಿಳಿ ಚೌಕಟ್ಟು, ಸುತ್ತ ಗಾಜು, ಒಳಗೆ ಜರಿಗಿಡಗಳು, ನಡುವೆ ಒಂದು ಬೆತ್ತದ ಕುರ್ಚಿ. ನೋಡಿದರೆ ನನಗೂ ಆಸೆಯಾಗುತ್ತದೆ. ಆದರೆ ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಬಿಸಿಗಾಳಿ ಹೊರಗೆ ಹೋಗೋಕೆ ದಾರಿ ಎಲ್ಲಿದೆ?

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಮನೆಯ ತಾರಸಿಗೆ ಹೋಗಿದ್ದೆ. ನಾಲ್ಕೂ ಕಡೆ ಗಾಜು, ಮೇಲೂ ಗಾಜು, ಇದ್ದದ್ದು ಒಂದೇ ಬಾಗಿಲು. ಮಧ್ಯಾಹ್ನ ಎರಡು ಗಂಟೆ. ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಮುಖಕ್ಕೆ ಹಬೆ ಹೊಡೆಯಿತು. ಥರ್ಮಾಮೀಟರ್ ಇಟ್ಟೆ, 47 ಡಿಗ್ರಿ. ಆರ್ಕಿಡ್ ಎಲೆಗಳು ಬೆಂದ ಸೊಪ್ಪಿನಂತೆ ಮೆತ್ತಗಾಗಿದ್ದವು. "ದಿನಾ ನೀರು ಹಾಕ್ತೀನಿ ಸಾರ್, ಆದ್ರೂ ಯಾಕೆ ಹೀಗೆ?" ಅಂತ ಆ ಮನೆಯ ಅಮ್ಮ ಕೇಳಿದರು. ತಪ್ಪು ಅವರದ್ದಲ್ಲ.

ಗಾಜಿನ ಮೂಲಕ ಬಿಸಿಲು ಒಳಗೆ ಬರುತ್ತದೆ. ಮಣ್ಣು, ಕುಂಡ, ಎಲೆ ಎಲ್ಲ ಕಾಯುತ್ತವೆ, ಅವುಗಳಿಂದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ, ಆದರೆ ಚಾವಣಿ ಅದನ್ನು ಹೊರಗೆ ಬಿಡುವುದಿಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಕಥೆಯೂ ಇದೇ ಅಲ್ವಾ?

ಚಳಿ ದೇಶಕ್ಕೆ ಬೇಕಾಗಿದ್ದೇ ಇದು. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ 1680ರ ದಶಕದಲ್ಲೇ ಕಿತ್ತಳೆ ಗಿಡಗಳಿಗೆ ಅಂತ ದಪ್ಪ ಗೋಡೆಯ, ದೊಡ್ಡ ಕಿಟಕಿಗಳ ಒಂದು ಭವನ ಕಟ್ಟಿದರು. ಗಿಡಗಳು ಮರದ ತೊಟ್ಟಿಯಲ್ಲಿ. ಚಳಿಗಾಲಕ್ಕೆ ಒಳಗೆ, ಬೇಸಿಗೆಗೆ ಹೊರಗೆ. ಇಂಗ್ಲೆಂಡಿನಲ್ಲಿ ಗಾಜಿಗೆ ತೆರಿಗೆ ಇತ್ತು, 1845ರಲ್ಲಿ ಅದನ್ನು ತೆಗೆದ ಮೇಲೆ ಗಾಜಿನ ಮನೆಗಳಿಗೆ ಒಳ್ಳೆಯ ಕಾಲ ಬಂತು. ಅಂಥ ದೇಶದಲ್ಲೂ ಬಿಸಿಲಿನ ಭಯ ಇತ್ತು ನೋಡಿ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ 1848ರಲ್ಲಿ ಮುಗಿದ ತಾಳೆಮನೆಗೆ, ಎಲೆ ಸುಡಬಾರದು ಅಂತ ತೆಳು ಹಸಿರು ಬಣ್ಣದ ಗಾಜು ಹಾಕಿದ್ದರು.

ನನಗೆ ಎಲ್ಲರಿಗಿಂತ ಇಷ್ಟ ಜೋಸೆಫ್ ಪ್ಯಾಕ್ಸ್‌ಟನ್. ಅವನು ತೋಟಗಾರ. ಅಮೆಜಾನಿನ ದೈತ್ಯ ನೈದಿಲೆಯನ್ನು ಚಾಟ್ಸ್‌ವರ್ತ್ ಅನ್ನುವ ದೊಡ್ಡ ಬಂಗಲೆಯ ತೋಟದಲ್ಲಿ ಬೆಳೆಸಿ, 1849ರ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲೇ ಮೊದಲ ಸಲ ಹೂ ಬಿಡಿಸಿದ. ಅದರ ಎಲೆ ಅವನ ಪುಟ್ಟ ಮಗಳ ಭಾರ ತಡೆಯಿತು. ಎಲೆಯ ಅಡಿಯ ನರಗಳ ಜಾಲ ನೋಡಿ ಅವನು ಚಾವಣಿ ಕಟ್ಟುವುದನ್ನು ಕಲಿತ, 1851ರಲ್ಲಿ ಲಂಡನ್ನಿನಲ್ಲಿ ಸುಮಾರು ಮೂರು ಲಕ್ಷ ಗಾಜಿನ ಹಾಳೆಗಳ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ಪ್ರದರ್ಶನ ಭವನ ಎದ್ದು ನಿಂತಿತು. ಎಲ್ಲರೂ ಅದರ ಗಾತ್ರ ಹೊಗಳುತ್ತಾರೆ. ನಾನು ಅದರ ಚಾವಣಿಯ ನೀರು ಹರಿಯುವ ಮರದ ದೋಣಿಗೆ ಕೈ ಮುಗಿಯುತ್ತೇನೆ. ಮೇಲೆ ಬಿದ್ದ ಮಳೆನೀರಿಗೆ ಒಂದು ಕಾಲುವೆ, ಗಾಜಿನ ಒಳಮೈಯಲ್ಲಿ ಬೆವರಿಳಿದ ನೀರಿಗೆ ಪಕ್ಕದಲ್ಲೇ ಸಣ್ಣ ಕಾಲುವೆ, ಎಲ್ಲ ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ಇದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಬೇಕಾದರೆ ಚಳಿಗಾಲದ ಬೆಳಿಗ್ಗೆ ಆರು ಗಂಟೆಗೆ ದೊಡ್ಡಬಳ್ಳಾಪುರದ ಕಡೆ ಗುಲಾಬಿ ಬೆಳೆಯುವ ಯಾವುದಾದರೂ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಶೀಟಿನ ಹಸಿರುಮನೆ, ಒಳಗೆ ನಿಲ್ಲಿ. ಶೀಟಿನಿಂದ ಹನಿ ಟಪ್ ಟಪ್ ಅಂತ ಮೊಗ್ಗಿನ ಮೇಲೆ ಬೀಳುತ್ತಿರುತ್ತದೆ. ನಾಲ್ಕು ದಿನ ಹಾಗೇ ಬಿಟ್ಟರೆ ಬೂಜು ಬರುತ್ತದೆ.

ಲಾಲ್‌ಬಾಗ್ ಗಾಜಿನ ಮನೆಗೂ ಕ್ರಿಸ್ಟಲ್ ಪ್ಯಾಲೇಸೇ ಮಾದರಿ. ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮೆರಾನ್ ಕಾಲದಲ್ಲಿ, 1889ರಲ್ಲಿ ಅಡಿಗಲ್ಲು ಹಾಕಿದ್ದು. ಮುಂದಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಜೊತೆಗೆ ತಲೆ ಎತ್ತಿ ಒಮ್ಮೆ ಚಾವಣಿಯನ್ನೂ ನೋಡಿ. ಎಷ್ಟು ಎತ್ತರ ಬಿಟ್ಟಿದ್ದಾರೆ! ಕಾದ ಗಾಳಿ ಮೇಲೆ ಹೋಗೋಕೆ ಜಾಗ ಇದೆ, ಅದಕ್ಕೇ ಅಷ್ಟು ಜನ ಸೇರಿದರೂ ಕೆಳಗೆ ನಿಲ್ಲಬಹುದು.

ಬಿಸಿ ಹಿಡಿದಿಡುವುದೇ ಬೇಕು ಅನ್ನುವ ಜಾಗ ನಮ್ಮಲ್ಲೂ ಇದೆ. ಮಲೆನಾಡಿನಲ್ಲಿ ಅಡಿಕೆ ಒಣಗಿಸೋಕೆ ಪ್ಲಾಸ್ಟಿಕ್ ಶೀಟಿನ ಮನೆ ಕಟ್ಟುತ್ತಾರಲ್ಲ, ಅದು. ಗಿಡ ಸಾಕೋಕೆ ಮಾತ್ರ ಅಷ್ಟು ಬಿಸಿ ಬೇಡ.

ಆ ತಾರಸಿಯಲ್ಲಿ ಮಾಡಿದ್ದು ಇಷ್ಟೇ. ಚಾವಣಿಯ ಮೇಲ್ತುದಿಯಲ್ಲಿ ಒಂದು ಅಡಿ ಅಗಲ ಉದ್ದಕ್ಕೂ ತೆರೆದು ಮೇಲೊಂದು ಸಣ್ಣ ಮುಚ್ಚಿಗೆ ಕೊಟ್ಟೆವು, ಎರಡು ಬದಿಯ ಗಾಜಿನ ಕೆಳಭಾಗ ತೆಗೆದು ಕೀಟ ಬಾರದ ಬಲೆ ಕಟ್ಟಿದೆವು, ಮೇಲೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಹಾಕಿದೆವು. ಮೇ ತಿಂಗಳ ಒಂದು ಮಧ್ಯಾಹ್ನ ಮತ್ತೆ ಹೋಗಿ ಅಳೆದೆ. ಹೊರಗೆ 34, ಒಳಗೆ 35. ಉಳಿದಿದ್ದ ಒಂದು ಆರ್ಕಿಡ್ ಹೊಸ ಬೇರು ಬಿಟ್ಟಿತ್ತು, ತುದಿ ಹಸಿರಾಗಿ ಹೊಳೆಯುತ್ತಿತ್ತು. ಅಮ್ಮ ಬೆತ್ತದ ಕುರ್ಚಿ ಒಳಗೆ ತಂದು ಹಾಕಿಸಿದ್ದರು.