ಗೆರೆ ಸೊಟ್ಟ, ಸರಿ. ಎಷ್ಟು ಸೊಟ್ಟ?

ಮೈಸೂರಿನಲ್ಲಿ ನಾನು ಕಲಿಯುವ ಕ್ಲಿನಿಕ್ಕಿಗೆ ಮಂಡ್ಯ ಕಡೆಯ ಅಜ್ಜ ಒಬ್ಬರು ಬಂದಿದ್ದರು. "ಗದ್ದೆ ಪಕ್ಕದ ಕರೆಂಟ್ ಕಂಬ ನಡೂಕೆ ಸೊಟ್ಟಗೆ ಕಾಣ್ತದೆ ಕಣವ್ವ. ಇನ್ನೊಂದ್ ಕಣ್ಣಲ್ಲಿ ನೋಡುದ್ರೆ ನೆಟ್ಟಗದೆ" ಅಂದರು. ಮೆಟಮಾರ್ಫಾಪ್ಸಿಯಾ ಅಂದರೆ ಇಷ್ಟೇ, ನೆಟ್ಟಗಿರೋದು ಸೊಟ್ಟಗೆ ಕಾಣೋದು.

ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪರದೆ ರೆಟಿನಾ, ಅದರ ನಡುಭಾಗ ಮ್ಯಾಕುಲಾ. ಅದರ ಕೆಳಗೆ ನೀರು ನಿಂತರೆ, ಇಲ್ಲವೇ ಮೇಲೆ ತೆಳು ಪೊರೆ ಬೆಳೆದು ಸುಕ್ಕುಗಟ್ಟಿಸಿದರೆ, ಬೆಳಕು ಹಿಡಿಯುವ ಕೋಶಗಳು ಜಾಗ ಬಿಟ್ಟು ಸರಿಯುತ್ತವೆ. ಮಿದುಳು ಮಾತ್ರ ಹಳೇ ಲೆಕ್ಕದಲ್ಲೇ ಇರುತ್ತದೆ. ಕೋಶಗಳು ದೂರ ಸರಿದರೆ ವಸ್ತು ಚಿಕ್ಕದಾಗಿ ಕಾಣುತ್ತದೆ, ಒತ್ತಾದರೆ ದೊಡ್ಡದಾಗಿ. ನಾನು ಇದನ್ನು ಪರೀಕ್ಷೆಯಲ್ಲಿ ಉಲ್ಟಾ ಬರೆದು ಬಂದಿದ್ದೆ! ಚಿತ್ರ ಎಷ್ಟು ಕೋಶಗಳ ಮೇಲೆ ಬೀಳುತ್ತದೆ ಅಂತ ಎಣಿಸಿಕೊಳ್ಳಿ, ಆಗ ತಪ್ಪಾಗಲ್ಲ.

ಮೊದಲು ಕೈಗೆ ಬರುವುದು ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ ಅವರ ಗ್ರಿಡ್. 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ.ಯ 400 ಮನೆ. ಸುಮಾರು 30 ಸೆಂ.ಮೀ. ದೂರದಲ್ಲಿ ಒಂದು ಮನೆ ಕಣ್ಣಿಗೆ ಹೆಚ್ಚುಕಡಿಮೆ 1 ಡಿಗ್ರಿ ಕೋನದಷ್ಟು. ಓದುವ ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, ನಡುವಿನ ಚುಕ್ಕೆ ನೋಡಿಸಬೇಕು. ಸೊಟ್ಟ ಇದೆಯಾ, ಎಲ್ಲಿದೆ ಅನ್ನೋದು ಗೊತ್ತಾಗುತ್ತದೆ. ಎಷ್ಟು ಅನ್ನೋದಕ್ಕೆ ನಂಬರ್ ಸಿಗಲ್ಲ. ಸಣ್ಣಪುಟ್ಟ ದೋಷವನ್ನು ಮಿದುಳೇ ತುಂಬಿಕೊಂಡು ಮುಚ್ಚಿಹಾಕುವುದೂ ಉಂಟು.

ನಂಬರ್ ಕೊಡುವುದು ಜಪಾನಿನಲ್ಲಿ ಮಾಡಿದ ಎಂ-ಚಾರ್ಟ್. ಮೊದಲು ಒಂದು ಅಖಂಡ ಗೆರೆ, ಆಮೇಲೆ ಚುಕ್ಕೆಗಳ 19 ಗೆರೆ. ಚುಕ್ಕೆಗಳ ನಡುವಿನ ಅಂತರ 0.2 ಡಿಗ್ರಿಯಿಂದ 2.0ರವರೆಗೆ ಹಿಗ್ಗುತ್ತಾ ಹೋಗುತ್ತದೆ. ಚುಕ್ಕೆ ಯಾಕೆ? ಅಂಗಳದಲ್ಲಿ ಒಂದು ಸಣ್ಣ ಉಬ್ಬು ಇದೆ ಅಂದುಕೊಳ್ಳಿ. ರಂಗೋಲಿಯ ಗೆರೆ ಎಳೆದರೆ ಉಬ್ಬಿನ ಮೇಲೆ ಅದು ಡೊಂಕಾಗಿ ಎದ್ದು ಕಾಣುತ್ತದೆ. ಬರೀ ಚುಕ್ಕೆ, ಅದೂ ದೂರ ದೂರ ಇಟ್ಟರೆ? ಉಬ್ಬು ಎರಡು ಚುಕ್ಕೆಗಳ ನಡುವೆ ಅಡಗಿಬಿಡುತ್ತದೆ, ಅಲ್ವಾ? ರೆಟಿನಾದಲ್ಲೂ ಹಾಗೇ. ಉಬ್ಬು ದೊಡ್ಡದಾದಷ್ಟೂ ಅಡಗಿಸಲು ಜಾಸ್ತಿ ಅಂತರ ಬೇಕು. ಗೆರೆ ಮೊದಲ ಸಲ ನೆಟ್ಟಗೆ ಕಂಡ ಅಂತರವೇ ಅಂಕ. ಅಖಂಡ ಗೆರೆಯೇ ನೆಟ್ಟಗಿದ್ದರೆ ಸೊನ್ನೆ.

ಅಜ್ಜ 0.7ರಲ್ಲೂ ತಲೆ ಅಲ್ಲಾಡಿಸಿದರು. 0.8ಕ್ಕೆ "ಈಗ ನೆಟ್ಟಗಾಯ್ತು" ಅಂದರು. ನಿಂತ ಗೆರೆಗೆ 0.8 ಬರೆದೆ. ಚಾರ್ಟನ್ನು 90 ಡಿಗ್ರಿ ತಿರುಗಿಸಿ ಅಡ್ಡ ಗೆರೆಗೆ ಬೇರೆ ಅಂಕ ತೆಗೆಯಬೇಕು. ಎರಡೂ ಒಂದೇ ಇರಬೇಕೆಂದಿಲ್ಲ. ಚಿಕಿತ್ಸೆ ಆದ ಮೇಲೆ ಮತ್ತೆ ಅಳೆದರೆ ಹೋಲಿಸಲು ಎರಡು ನಂಬರ್ ಇರುತ್ತವೆ.

ಈ ಚಾರ್ಟಿನಲ್ಲೂ ನಡುಚುಕ್ಕೆಯನ್ನೇ ನೋಡಬೇಕು. ಅಡ್ಡ ಗೆರೆಯಲ್ಲಿ ಮಾತ್ರ ಅಜ್ಜನ ಕಣ್ಣು ಅದನ್ನು ಬಿಟ್ಟು ಗೆರೆಯ ಉದ್ದಕ್ಕೂ ಓಡುತ್ತಿತ್ತು. ಸುಮ್ನೆ ಅಂಕ ಬರೆಯೋ ಹಾಗಿಲ್ಲ. ಮೊದಲಿಂದ ಶುರು ಮಾಡಿದೆ.